ಮೊದಲ ಮೂರಕ್ಷರ, ಕೊನೆಯದೊಂದು

ಆ ಸುತ್ತೋಲೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಎಪ್ಪತ್ತರ ದಶಕ. ಎರ್ನಾಕುಲಂನ ಸರ್ಕಾರಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ನಾನು ಗುಮಾಸ್ತ. ಕೆಲಸ ಬೇಕೆಂದು ಹೆಸರು ಬರೆಸಿದವರ ಕಾರ್ಡುಗಳೆಲ್ಲ ನನ್ನ ವಶದಲ್ಲಿದ್ದವು. ಕೆಲವರು ಎರಡೆರಡು ಸಲ ಬರೆಸುತ್ತಾರೆಂದು ತಿರುವನಂತಪುರದ ಸಾಹೇಬರೊಬ್ಬರಿಗೆ ಹೊಳೆಯಿತು. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ಮೂರಕ್ಷರ, ಕೊನೆಯ ಅಕ್ಷರ ಮತ್ತು ಮನೆಹೆಸರು ಹೊಂದಿದರೆ ಇಬ್ಬರೂ ಒಬ್ಬರೇ; ನಡುವೆ ಏನಿದ್ದರೂ ನೋಡಬೇಡಿ; ಹಳೆಯ ಕಾರ್ಡು ಇಟ್ಟು ಹೊಸದನ್ನು ಹರಿಯಿರಿ ಎಂದು ಅಪ್ಪಣೆ ಬಂತು. ಹುಟ್ಟಿದ ತಾರೀಖು ನೋಡಬೇಕೆಂದು ಆ ಮಹಾನುಭಾವನಿಗೆ ತೋಚಲೇ ಇಲ್ಲ.

ಆ ಕಡೆ ಅಕ್ಕನ ಹೆಸರಿನ ಮೊದಲು-ಕೊನೆಗೆ ಹೊಂದುವಂತೆ ತಂಗಿಗೆ ಹೆಸರಿಡುತ್ತಾರೆ. ಮನೆಹೆಸರಂತೂ ಇಬ್ಬರಿಗೂ ಒಂದೇ. ಮೈಸೂರು ಕಡೆಯ ನನಗೇ ಇದು ಗೊತ್ತಿತ್ತು. ಕಾಸರಗೋಡಿನವರಾದ ನಮ್ಮ ಹೆಡ್‌ಕ್ಲಾರ್ಕ್ ಬಳಿ ಹೋಗಿ ಹೇಳಿದೆ.

“ನಂಗೆ ಗೊತ್ತಿಲ್ವಾ ಮಾರಾಯ?” ಅಂದರು. “ಮೇಲಿಂದ ಬಂದದ್ದು, ಮಾಡಿ ಬಿಡುವ. ನಿಂಗೆ ಎಂತಕ್ಕೆ ಊರ ಉಸಾಬರಿ?”

ವಾರವಿಡೀ ಕೂತು ಹರಿದೆ.

ಮರುವಾರ ಮಟ್ಟಾಂಚೇರಿಯಿಂದ ದೋಣಿ ಹತ್ತಿ ಒಬ್ಬ ಹುಡುಗಿ ಬಂದಳು. ಟೈಪಿಂಗ್ ಪಾಸಾಗಿ ಮೂರು ವರ್ಷ ಕಾದವಳು. ತನ್ನ ನಂತರ ಬರೆಸಿದವರಿಗೆ ಕರೆ ಬಂದಿದೆ, ತನಗೇಕಿಲ್ಲ ಎಂದು ಕೇಳಿದಳು. ಡ್ರಾಯರಿನಲ್ಲಿ ಅವಳ ಅಕ್ಕನ ಕಾರ್ಡು ಮಾತ್ರ ಇತ್ತು. ಅಕ್ಕ ಮದುವೆಯಾಗಿ ಮುಂಬಯಿ ಸೇರಿದ್ದಳಂತೆ! ಹೊಸದಾಗಿ ಬರೆಸಿದರೆ ಈ ಹುಡುಗಿ ಸಾಲಿನ ಕೊನೆಗೆ ಹೋಗಬೇಕು. ಸರದಿ ಬರುವಷ್ಟರಲ್ಲಿ ವಯಸ್ಸಿನ ಮಿತಿ ದಾಟುತ್ತದೆ. ಹಳೆಯ ತಾರೀಖಿನಲ್ಲೇ ಕಾರ್ಡು ಮಾಡಿಕೊಡೋಣ ಎಂದು ಹೆಡ್‌ಕ್ಲಾರ್ಕರನ್ನು ಬೇಡಿದೆ.

“ಒಂದು ತಪ್ಪು ಒಪ್ಪಿದ್ರೆ ಹರಿದದ್ದೆಲ್ಲ ಹೊರಗೆ ಬರ್ತದೆ. ನವೀಕರಿಸ್ಲಿಲ್ಲ, ಅದಕ್ಕೆ ಕಾರ್ಡು ರದ್ದಾಯ್ತು ಅಂತ ಬರಿ.”

ನವೀಕರಿಸಿದ್ದಳು. ಹಿಂದಿನ ತಿಂಗಳೇ. ಅವಳ ಕೈಯಲ್ಲಿದ್ದ ಚೀಟಿಯಲ್ಲಿ ಕಚೇರಿಯ ಮುದ್ರೆಯಿತ್ತು, ಕೆಳಗೆ ನನ್ನದೇ ಸಹಿ. ಆ ಚೀಟಿ ಹಿಡಿದು ಅವಳು ಯಾರ ಬಳಿ ಹೋದರೂ ನಾವು ಸಿಕ್ಕಿಬೀಳುತ್ತಿದ್ದೆವು. ಸಾಹೇಬನ ಮೇಲೆ, ಹೆಡ್‌ಕ್ಲಾರ್ಕರ ಮೇಲೆ ಹಲ್ಲು ಕಡಿಯುತ್ತಲೇ ಕೌಂಟರಿಗೆ ಬಂದೆ. ನನಗೂ ಹೆಂಡತಿ ಮಕ್ಕಳಿದ್ದರು ಎಂಬ ಹಾಳು ನೆಪ ಈಗ ಹೇಳುವುದಿಲ್ಲ. ಹೆದರಿದೆ, ಅಷ್ಟೆ.

“ಹೊಸ ಚೀಟಿ ಕೊಡ್ತೀನಿ, ಹಳೇದು ಕೊಡಿ,” ಅಂದೆ, ನನ್ನ ಹರುಕು ಮಲಯಾಳದಲ್ಲಿ.

ಅವಳು ಕೊಟ್ಟಳು. ಕೊಟ್ಟು, “ದೊಡ್ಡ ಉಪಕಾರ ಆಯ್ತು, ಸಾರ್” ಎಂದು ಕೈಮುಗಿದಳು.