ಹುಸೇನಪ್ಪನ ಸುಖಸಮಾಚಾರ

ಹೇಗಿದ್ದೀರಿ ಎಂದು ಕೇಳಿದವರಿಗೆ ಚೆನ್ನಾಗಿಲ್ಲ ಎಂದು ಹೇಳುವುದು ನಮ್ಮ ಓಣಿಯ ಹುಸೇನಪ್ಪನ ಪ್ರಕಾರ ಅವರಿಗೆ ಮಾಡುವ ಅವಮಾನ. ಸಂಡೂರಿನ ಗಣಿಯಲ್ಲಿ ಅದಿರು ತುಂಬುವಾಗ ಲಾರಿಯ ಮೇಲಿಂದ ಬಿದ್ದು ಸೊಂಟ ಮುರಿದ ದಿನವೂ, ಎತ್ತಲು ಬಂದವರಿಗೆ 'ನಾ ಆರಾಮದೀನಿ, ನಿಮ್ಮ ಚಾ ಆತೇನ್ರಿ?' ಎಂದು ವಿಚಾರಿಸಿದ ಮನುಷ್ಯ ಆತ. ಗೋಡೆ ಹಿಡಿದು ನಡೆಯುವುದನ್ನು ಯಾರಾದರೂ ನೋಡಿದರೆ, ಗೋಡೆ ಗಟ್ಟಿ ಇದೆಯೋ ಇಲ್ಲವೋ ನೋಡುತ್ತಿದ್ದೇನೆ ಎನ್ನುತ್ತಾನೆ. ಅಂಗವಿಕಲರ ಪಿಂಚಣಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕೆಂದು ಹೊಸಪೇಟೆಯ ಆಸ್ಪತ್ರೆಗೆ ಹೊರಟಾಗಲೂ ಬೀಗರ ಮನೆಗೆ ಹೊರಟವನಂತೆ ಇಸ್ತ್ರಿ ಅಂಗಿ ತೊಟ್ಟು ಮೀಸೆಗೆ ಎಣ್ಣೆ ಹಚ್ಚಿಕೊಂಡಿದ್ದ. ಹೆಂಡತಿ ದುರ್ಗಕ್ಕ ಬಸ್ಸಿನಲ್ಲಿ ದಾರಿಯುದ್ದಕ್ಕೂ, 'ಡಾಕ್ಟರ ಮುಂದ ಸ್ವಲ್ಪರ ನರಳೋ ಮಾರಾಯ, ನನ್ನೊಬ್ಬಾಕಿ ಕೂಲಿಯಾಗ ಮನಿ ನಡ್ಯಂಗಿಲ್ಲ' ಎಂದು ಗೋಗರೆದಳು. ಜೊತೆಗೆ ಹೋಗಿದ್ದ ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರು 'ನೋವು ಐತೇನು?' ಎಂದರೆ, 'ನಿಮ್ಮ ಮುಖ ನೋಡಿದ ಕೂಡ್ಲೆ ಹೋತ್ರಿ' ಎಂದ. 'ಭಾರ ಎತ್ತತೀರೇನು?' ಎಂದರೆ, 'ದೇವರು ಎತ್ತಿಸ್ತಾನ್ರಿ' ಎಂದ. ದುರ್ಗಕ್ಕ ಹಣೆ ಚಚ್ಚಿಕೊಂಡಳು. ಡಾಕ್ಟರೂ ನಕ್ಕು, ಪೆನ್ನು ಕೆಳಗಿಟ್ಟು, 'ಆ ದೇವರಿಗೆ ಅಡ್ಡ ಬೀಳ್ತೀರೇನು?' ಎಂದರು. ದೇವರ ವಿಷಯದಲ್ಲಿ ಹುಸೇನಪ್ಪ ಸುಳ್ಳು ಹೇಳುವವನಲ್ಲ. 'ಇಲ್ರಿ' ಎಂದ, ದನಿ ಇಳಿಸಿ. 'ಬಗ್ಗಿದ್ರ ಏಳಾಕ ಬರಂಗಿಲ್ಲ. ಬಿದ್ದಾಗಿನಿಂದ ನಿಂತಗೊಂಡೇ ಕೈ ಮುಗೀತೀನಿ. ಸೊಕ್ಕು ಅಂತ ತಿಳ್ಕೋಬ್ಯಾಡ ತಂದೆ, ಅಂತ ದಿನಾ ಹೇಳ್ಕೋತೀನ್ರಿ.' ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, 'ಹಿಂಗ ಹೇಳ್ರಿ ಯಜಮಾನ್ರ, ಇನ್ನೇನೇನು ಮಾಡಾಕ ಬರಂಗಿಲ್ಲ?' ಎನ್ನುತ್ತ ಬರೆಯತೊಡಗಿದರು.