ಝೆರಾಕ್ಸ್ ಅಂಗಡಿಯಲ್ಲಿ ತೆರೆದೇ ಉಳಿದ ಮಾತು

ಸಿಸ್ಟರಮ್ಮನ ಬೆರಳತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಬೀದರಿನ ಆಸ್ಪತ್ರೆಯ ನರ್ಸ್ ಕೆಲಸದ ಸಾಬೂನು, ಸ್ಪಿರಿಟು ಅವನ್ನು ತಿಂದುಹಾಕಿದ್ದವು. ಫೋನಿನ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಸೋತು, "ನೋಡ್ ತಮ್ಮಾ, ಊರಾಗಿನ ಎಲ್ಲಾರೂ ನನ್ನ ಗುರ್ತ ಹಿಡೀತಾರ, ಇದೊಂದು ಹಿಡಿಯವಲ್ದು" ಎಂದು ನಗುತ್ತಿದ್ದರು. ಕೊನೆಗೆ ಅಂಕಿಯ ಲಾಕು ಹಾಕಿಕೊಂಡರು. ಅದನ್ನು ಪಕ್ಕದ ಮನೆಯವನಾದ ನನಗೂ ಹೇಳಲಿಲ್ಲ.

ನಿವೃತ್ತರಾದ ಮೇಲೂ ಭಾಲ್ಕಿ, ಔರಾದ ಕಡೆಯ ಹೆಂಗಸರು ಡಾಕ್ಟರಿಗೆ ಹೇಳಲಾಗದ್ದನ್ನು ಅವರಿಗೆ ಮೆಸೇಜು ಮಾಡುತ್ತಿದ್ದರು. ಯಾರದೆಂದು ಕೇಳಿದರೆ "ನಿಂದಲ್ಲ" ಅನ್ನುವರು. ಆ ಮೆಸೇಜಿನ ಆ್ಯಪನ್ನು ಬೈಬಲ್ಲಿನಷ್ಟೇ ನಂಬಿದ್ದರು. "ಕಂಪನಿದವರಿಗೂ ಓದ್ಲಾಕ ಬರಲ್ಲಂತ. ಅದರಾಗೇ ಬರದಾರ."

ಬರೆದದ್ದು ಸುಳ್ಳಲ್ಲ. ಆದರೆ ನಮ್ಮೂರಿನಲ್ಲಿ ಪ್ರಿಂಟು ಬೇಕಾದರೆ ಫೋನನ್ನೇ ಝೆರಾಕ್ಸ್ ಅಂಗಡಿಯವನ ಕೈಗೆ ಕೊಡುತ್ತೇವೆ. ಅವನು ಆ ಆ್ಯಪನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಕಾಗದ ತೆಗೆದುಕೊಡುತ್ತಾನೆ. ಜೋಡಿಸಿದ್ದನ್ನು ಬಿಡಿಸುವ ರೂಢಿ ಯಾರಿಗೂ ಇಲ್ಲ. ಸಿಸ್ಟರಮ್ಮ ಪಿಂಚಣಿಯ ಕಾಗದಕ್ಕೆ ಹೋದದ್ದು ಚಳಿಗಾಲವೋ ಬೇಸಿಗೆಯೋ, ಖಾತ್ರಿಯಿಲ್ಲ. ನೆನಪನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಆ ಕಾಗದ ತೆಗೆಸಿದಂದಿನಿಂದ ಅವರಿಗೆ ಬಂದ, ಅವರು ಬರೆದ ಪ್ರತಿ ಮಾತೂ ಆ ಅಂಗಡಿಯ ಪರದೆಯ ಮೇಲೂ ಬೀಳುತ್ತಿತ್ತು.

ಔರಾದ ಕಡೆಯ ಒಬ್ಬ ಸೊಸೆ ಗಂಡನ ಹೊಡೆತ ತಾಳದೆ ಮನೆ ಬಿಡಲು ಹೊರಟಿದ್ದಳು. ಭಾಲ್ಕಿಯಲ್ಲಿ ಅವಳಿಗೊಂದು ಕೋಣೆ, ಕೆಲಸ, ಎಲ್ಲವನ್ನೂ ಸಿಸ್ಟರಮ್ಮ ಮೆಸೇಜಿನಲ್ಲೇ ಗೊತ್ತುಮಾಡಿದರು. ಅವಳು ಭಾಲ್ಕಿಯಲ್ಲಿ ಬಸ್ಸಿಳಿದಾಗ ಎದುರಿಗೆ ಗಂಡ ನಿಂತಿದ್ದ. ಅವನು ಫೋನು ಕಿತ್ತುಕೊಳ್ಳುವ ಮೊದಲು ಅವಳು ಕಳಿಸಿದ್ದು ಒಂದೇ ಸಾಲು: "ಯಾರ ಮುಂದ ಹೇಳಿದ್ರಿ ಸಿಸ್ಟರ್?"

ಸಿಸ್ಟರಮ್ಮ ನನಗೆ ತೋರಿಸಿದ ಮೆಸೇಜು ಅದೊಂದೇ. ಅವರೇ ಲಾಕು ತೆಗೆದುಕೊಟ್ಟ ಫೋನಿನೊಳಗೆ ನಾನು ಹುಡುಕಿದಾಗ ಆ ಜೋಡಣೆ ಇನ್ನೂ ಹಾಗೆಯೇ ಇರುವುದು ಕಂಡಿತು. ಬಿಡಿಸಿ ಅಂಗಡಿಗೆ ಹೋದೆ. ಅಂಗಡಿಯವನು ಆ ಗಂಡನ ಊರಿನವನೇ.

"ತೆರದೇ ಇತ್ರಿ, ಕಣ್ಣಿಗಿ ಬಿತ್ತು," ಎಂದ. "ಹೆಣ್ಮಗಳು ಮನಿ ಬಿಟ್ಟು ಓಡಿ ಹೋಗೂದು ನೋಡಿ ಸುಮ್ಮನ ಕೂಡಬೇಕಿತ್ತೇನ್ರಿ ಸಾಹೇಬ್ರ?"

ಸಿಸ್ಟರಮ್ಮ ಗುಟ್ಟು ಬಿಟ್ಟುಕೊಟ್ಟರೆಂಬ ಸುದ್ದಿ ಹಬ್ಬಿ, ಹೆಂಗಸರ ಮೆಸೇಜುಗಳು ನಿಂತವು. ಸಿಸ್ಟರಮ್ಮ ಮಾತ್ರ ದಿನವೂ ಫೋನು ಚಾರ್ಜಿಗೆ ಹಾಕುವರು. "ನಾ ಬಾಯಿ ಬಿಟ್ಟಿಲ್ಲ ತಮ್ಮಾ. ಅಕಿಗಿ ಹ್ಯಾಂಗ ತಿಳಸಲಿ?" ಎನ್ನುತ್ತಲೇ ತೀರಿಕೊಂಡರು.

ಮಣ್ಣು ಮಾಡಿದ ದಿನ ಆ ಸೊಸೆ ಸ್ಮಶಾನದ ಗೇಟಿನ ಹೊರಗೆ ನಿಂತಿದ್ದಳು; ಯಾರೆಂದು ಅವಳೇ ಹೇಳಿದಳು. ಅವಳ ಮುಖ ಈಗ ನೆನಪಿಲ್ಲ, ಮಾತು ಇದೆ. ಅಂಗಡಿಯ ಸಂಗತಿ ಹೇಳಿದೆ. "ಸತ್ತೋರ ತಪ್ಪು ಮಷಿನ್ ಮ್ಯಾಲ ಹಾಕ್ತೀರೇನ್ರಿ?" ಎಂದಳು.

ಆಗ, ಹೆಂಡತಿಗೂ ಹೇಳದಿದ್ದುದನ್ನು ಅವಳಿಗೆ ಹೇಳಿದೆ. ಹರೆಯದಲ್ಲಿ ನನಗೆ ಕ್ಷಯವಿತ್ತು. ಸಿಸ್ಟರಮ್ಮ ತಮ್ಮ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಗುಳಿಗೆ ನುಂಗಿಸಿ ಬದುಕಿಸಿದರು. ನನ್ನ ತಾಯಿಗೂ ಸುಳಿವು ಕೊಡಲಿಲ್ಲ.

ಅವಳು ಪೂರ್ತಿ ಕೇಳಿಸಿಕೊಂಡಳು.

"ನಿಮ್ ಗುಟ್ಟು ಉಳೀತು ಬಿಡ್ರಿ, ಅಣ್ಣಾ," ಎಂದು ಸೆರಗು ಹೊದ್ದು, ಔರಾದ ಬಸ್ಸಿಗೆ ನಡೆದಳು.