ಎ. ಶೆಟ್ಟಿ

ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದ ಅಂಗಾರನನ್ನು ಅಲ್ಲಿ ಯಾರೂ ಅಂಗಾರ ಎಂದು ಕರೆದದ್ದಿಲ್ಲ. "ಆಸ್ಕ್ ಶೆಟ್ಟಿ", "ಮಿಸ್ಟರ್ ಶೆಟ್ಟಿ ಈಸ್ ಆನ್ ಲೀವ್", ಇಷ್ಟೇ. ಇಂಗ್ಲಿಷಿನ ದೊಡ್ಡ ಉಪಕಾರ ನೋಡಿ ಇದು: ಸರ್‌ನೇಮ್ ಒಂದಿದ್ದರೆ ವಾಕ್ಯ ಸರಾಗ ಸಾಗುತ್ತದೆ, ಅದರ ಹಿಂದಿನ ಮನುಷ್ಯ ಯಾರು ಎಂದು ಯಾರೂ ಕೇಳುವುದಿಲ್ಲ.

ಆ ಸರ್‌ನೇಮ್ ಅವನದಲ್ಲ. ತಾಯಿ ಸತ್ತ ಮೇಲೆ ಹತ್ತರ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಠಾಣೆ ಪಟ್ಟಣಕ್ಕೆ ಬಂದು, ವರ್ತಕ ನಗರದ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದವನನ್ನು ಧಣಿ ಧರ್ಮಪಾಲ ಶೆಟ್ಟರು ಶಾಲೆಗೆ ಸೇರಿಸಿದರು. ಫಾರಮಿನಲ್ಲಿ ಸರ್‌ನೇಮಿನ ಜಾಗ ಖಾಲಿ ಉಳಿಯಿತು. ಊರಿನಲ್ಲಿ ಶೆಟ್ಟರ ಜಗಲಿ ಹತ್ತುವ ಹಕ್ಕೇ ಇಲ್ಲದ ಜಾತಿಯವನಿಗೆ ಸರ್‌ನೇಮ್ ಎಲ್ಲಿಂದ ಬರಬೇಕು? "ನನ್ನದೇ ಬರೆ ಮಾರಾಯ, ಇಲ್ಲಿ ಯಾರು ಕೇಳ್ತಾರೆ," ಎಂದರು ಶೆಟ್ಟರು. ಪುಣ್ಯಾತ್ಮ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಯಾರೂ ಕೇಳಲಿಲ್ಲ, 2011ರವರೆಗೆ. ಆ ವರ್ಷ ಮಗಳು ನಿಕಿತಾ, ವಾಶಿಯ ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡುವ ಪೃಥ್ವಿರಾಜ ಶೆಟ್ಟಿಯನ್ನು ಮೆಚ್ಚಿದಳು. ತನ್ನ ಗುಟ್ಟು ಹೊರಬೀಳುತ್ತದೆಂದು ಅಂಗಾರ ಮೊದಲು ಹೆದರಿದ. ಆಮೇಲೆ ಆಸೆಯೂ ಹುಟ್ಟಿತು. ಮದುವೆಯಾದರೆ ಮಗಳು ನಿಜವಾದ ಶೆಟ್ಟಿಯಾಗುತ್ತಾಳೆ, ತನ್ನ ಸುಳ್ಳು ತನ್ನ ಚಿತೆಯಲ್ಲೇ ಸುಟ್ಟುಹೋಗುತ್ತದೆ.

ಒಂದು ಭಾನುವಾರ ಹುಡುಗ ತನ್ನ ಅಜ್ಜಿಯ ಜೊತೆ ಡೊಂಬಿವಲಿಯ ಮನೆಗೆ ಬಂದ. ನೀರುದೋಸೆ ತಿನ್ನುತ್ತ ಅಜ್ಜಿ ಕೇಳಿದರು, "ಹುಡುಗಿಯದು ಯಾವ ಬಳಿ?"

ಬಳಿ ಎಂದರೆ ಗೋತ್ರದ ಹಾಗೆ; ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ಈ ಪ್ರಶ್ನೆ ಬರುತ್ತದೆಂದು ಅಂಗಾರನಿಗೆ ಗೊತ್ತಿತ್ತು. ಧರ್ಮಪಾಲ ಶೆಟ್ಟರ ಬಳಿಯ ಹೆಸರನ್ನೇ ಹೇಳಿದ.

"ಅದು ಇವಳ ತಾಯಿಯದಾ?"

"ಅಲ್ಲಮ್ಮ, ನನ್ನದು. ನನ್ನದೂ ಮಗಳದೂ ಒಂದೇ ಅಲ್ವಾ."

ಅಯ್ಯೋ, ಕೆಟ್ಟಿತು. ಬಳಿ ಬರುವುದು ತಾಯಿಯಿಂದ. ಅಪ್ಪನದೂ ಮಗಳದೂ ಒಂದೇ ಆದರೆ ಅಪ್ಪ ತನ್ನ ಬಳಿಯ ತಂಗಿಯನ್ನೇ ಕಟ್ಟಿಕೊಂಡ ಹಾಗಾಯಿತು. ಶೆಟ್ಟರ ಮನೆಯ ಮಗುವೂ ಹೀಗೆ ಹೇಳದು. ಆದರೆ ಅಂಗಾರ ಕಂಡದ್ದು ಅಪ್ಪನಿಂದ ಮಕ್ಕಳಿಗೆ ಬರುವ ಸರ್‌ನೇಮನ್ನು ಮಾತ್ರ. ಅವನದೇ ಜಾತಿಯ, ಊರಿನಲ್ಲೇ ಬೆಳೆದ ಹೆಂಡತಿ ಜಯಲತಾ ಇದ್ದಿದ್ದರೆ ಕಣ್ಸನ್ನೆಯಲ್ಲೇ ತಡೆಯುತ್ತಿದ್ದಳು. ಅವಳು ತೀರಿಕೊಂಡು ಆರು ವರ್ಷವಾಗಿತ್ತು.

ಅಜ್ಜಿ ತಟ್ಟೆ ಕೆಳಗಿಟ್ಟರು. "ಬಾಗಿಲಲ್ಲಿ ಎ. ಶೆಟ್ಟಿ ಅಂತ ಉಂಟಲ್ಲ. ಎ ಅಂದ್ರೆ ಎಂತ?"

ಇನ್ನೊಂದು ಸುಳ್ಳಿಗೆ ಅವನಲ್ಲಿ ತ್ರಾಣ ಉಳಿದಿರಲಿಲ್ಲ. "ಅಂಗಾರ," ಎಂದ.

ಊರಿನಲ್ಲಿ ಆ ಹೆಸರಿಡುವುದು ಜಗಲಿ ಹತ್ತದ ಜಾತಿಯವರು ಮಾತ್ರ; ಕೇಳಿದ್ದೇ ಅಜ್ಜಿಗೆ ಜಾತಿ ತಿಳಿಯಿತು. "ಹೊರಡುವ ಮಗಾ," ಎಂದರು. ಯಾರೂ ದನಿ ಏರಿಸಲಿಲ್ಲ. ಪೃಥ್ವಿರಾಜ ಮೊಬೈಲ್ ನೋಡುತ್ತಲೇ ಚಪ್ಪಲಿ ಮೆಟ್ಟಿಕೊಂಡ, ನಿಕಿತಾಳ ಮುಖ ನೋಡಲಿಲ್ಲ. ಆ ವಾರವೇ ಬೇರೆ ಬ್ರಾಂಚಿಗೆ ವರ್ಗ ಕೇಳಿದ.

ನಿಕಿತಾ ನಾಲ್ಕು ದಿನ ಮನೆಯಿಂದ ಹೊರಬೀಳಲಿಲ್ಲ. ಅಂಗಾರ ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಐದನೆಯ ದಿನ ಬ್ಯಾಂಕಿಗೆ ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು:

"ಪಪ್ಪಾ, ಇವತ್ತು ಅಲ್ಲಿ ಮಿಸ್ ಶೆಟ್ಟಿ ಅಂತ ಕರೆದ್ರೆ ನಾನು ತಿರುಗಿ ನೋಡ್ಬೇಕಾ, ಬೇಡ್ವಾ?"